ಲೌಡ್‌ಸ್ಪೀಕರಿನಲ್ಲಿ ನಾದವಿಭಾಗ: ಹಳೆಯ ಪೆಟ್ಟಿಗೆಗಳಿಗೆ ಏಕವರ್ಧಕ–ದ್ವಿವರ್ಧಕ ಯೋಜನೆ

೧. ಪ್ರಸ್ತಾವ

ಕಾವ್ಯವನ್ನು ವಾಚಿಸುವ ಗಮಕಿಗೂ ಅದನ್ನು ಕೇಳುವ ಸಭೆಗೂ ನಡುವೆ ಈಗ ಒಂದು ಪೆಟ್ಟಿಗೆ ಬಂದು ನಿಂತಿದೆ. ನಾವು ಪಾಠಾಂತರಗಳನ್ನು ತೂಗಿ ನೋಡುತ್ತೇವೆ. ಹ್ರಸ್ವದೀರ್ಘಗಳಿಗಾಗಿಯೂ ಅಲ್ಪಪ್ರಾಣ ಮಹಾಪ್ರಾಣಗಳಿಗಾಗಿಯೂ ವಾದಿಸುತ್ತೇವೆ. ಇಷ್ಟು ಶ್ರಮದಿಂದ ಶೋಧಿಸಿದ ಶಬ್ದವು ಬಾಯಿಂದ ಹೊರಟ ಮೇಲೆ ಆ ಪೆಟ್ಟಿಗೆಯೊಳಗೆ ಯಾವ ಗತಿಯನ್ನು ಹೊಂದುತ್ತದೆಂಬುದನ್ನು ಮಾತ್ರ ವಿಚಾರಿಸುವುದಿಲ್ಲ. ಅದು ಮೆಕ್ಯಾನಿಕ್ಕಿನ ಕೆಲಸವೆಂದು ಬಿಟ್ಟಿರುತ್ತೇವೆ. ಹಾಗೆ ಬಿಟ್ಟವರಲ್ಲಿ ಈ ಲೇಖಕನೂ ಒಬ್ಬನಾಗಿದ್ದನು.

ಕೆಲವು ವರ್ಷಗಳ ಹಿಂದೆ ಒಂದು ಸಭಾಮಂದಿರದಲ್ಲಿ ಗಮಕವಾಚನ ನಡೆದಾಗ ವ್ಯಾಖ್ಯಾನದ ಭಾಗ ನನ್ನದಾಗಿತ್ತು. ಮುಗಿದ ಬಳಿಕ ಹಿಂದಿನ ಸಾಲಿನಲ್ಲಿದ್ದ ವೃದ್ಧರೊಬ್ಬರು ಬಂದು, “ಶಾಸ್ತ್ರಿಗಳೇ, ತಮ್ಮ ಶಕಾರ ಷಕಾರ ಸಕಾರಗಳು ಮೂರೂ ಒಂದೇ ಆಗಿ ಕೇಳಿಸಿದುವು, ಹಲ್ಲೇನಾದರೂ ಬಿದ್ದಿದೆಯೋ?” ಎಂದು ಕೇಳಿದರು. ಹಲ್ಲು ಬಿದ್ದಿರಲಿಲ್ಲ. ಮರುದಿನ ಮಂದಿರದ ಧ್ವನಿವ್ಯವಸ್ಥೆಯನ್ನು ನೋಡಿಕೊಳ್ಳುವ ತರುಣನು ಪೆಟ್ಟಿಗೆಗಳನ್ನು ಬಿಚ್ಚಿದನು. ಒಂದರಲ್ಲಿ ಒಂದು ರೆಸಿಸ್ಟರು ಸುಟ್ಟು ಕರಿದಾಗಿತ್ತು. ಅದರಿಂದ ಮೇಲಿನ ಹಾರ್ನು ಮೂಕವಾಗಿತ್ತು. ಇನ್ನೊಂದರಲ್ಲಿ ಕೆಪಾಸಿಟರುಗಳು ವಯಸ್ಸಾಗಿ ಒಣಗಿ ಹಾರ್ನಿನ ದನಿ ಕ್ಷೀಣಿಸಿತ್ತು. ವೂಫರುಗಳೂ ಹಾರ್ನುಗಳೂ ಮರವೂ ಸುಸ್ಥಿತಿಯಲ್ಲಿದ್ದುವು. ವ್ಯವಸ್ಥಾಪಕರು ಪೆಟ್ಟಿಗೆಗಳನ್ನು ಗುಜರಿಗೆ ಹಾಕಿ ಹೊಸವನ್ನು ತರಬೇಕೆಂದು ನಿಶ್ಚಯಿಸಿದ್ದರು. ತರುಣನು, “ಇವು ಮುಂದೆಯೂ ನಡೆಯುವ ಪೆಟ್ಟಿಗೆಗಳು; ಫುಲ್ ರೇಂಜೂ ಆಗುವಂತೆ, ಬೈಆಂಪೂ ಆಗುವಂತೆ ವೈರು ಬದಲಾಯಿಸಿಕೊಡುತ್ತೇನೆ” ಎಂದನು. ಆತನ ಮಾತಿನ ಅರ್ಥವನ್ನು ತಿಳಿಯಲು ನಾನು ಮಾಡಿದ ಪ್ರಯತ್ನದ ಫಲವೇ ಈ ಲೇಖನ. ವಿದ್ಯುಚ್ಛಾಸ್ತ್ರದಲ್ಲಿ ನಾನು ಪಂಡಿತನಲ್ಲ. ಆದರೆ ಪೂರ್ವಾಪರಭಾವವನ್ನು ವಿಚಾರಿಸುವುದು ಪಾಠಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ವಿದ್ಯೆ, ಮತ್ತು ಈ ವಿಷಯದ ತಿರುಳು ಅದೇ ಆಗಿದೆ.

೨. ಪರಿಭಾಷೆ

ಧ್ವನಿವರ್ಧಕವೆಂಬ ಶಬ್ದವನ್ನು ನಾವು ಮೈಕಿಗೂ ಹೇಳುತ್ತೇವೆ, ಲೌಡ್‌ಸ್ಪೀಕರಿಗೂ ಹೇಳುತ್ತೇವೆ. ವಿಚಾರಿಸಿ ನೋಡಿದರೆ ಇವೆರಡೂ ಧ್ವನಿಯನ್ನು ವರ್ಧಿಸತಕ್ಕವಲ್ಲ. ಮೈಕು ವಾಯುವಿನ ಕಂಪನವನ್ನು ವಿದ್ಯುತ್ತಿನ ಕಂಪನವಾಗಿ ಮಾರ್ಪಡಿಸುತ್ತದೆ. ಲೌಡ್‌ಸ್ಪೀಕರು ಅದನ್ನು ಮರಳಿ ವಾಯುಕಂಪನವಾಗಿ ಮಾಡುತ್ತದೆ. ಇವೆರಡರ ನಡುವೆ ನಿಂತು ವರ್ಧಿಸುವುದು ಆಂಪ್ಲಿಫೈಯರು. ಆದಕಾರಣ ಈ ಲೇಖನದಲ್ಲಿ ವರ್ಧಕವೆಂದರೆ ಆಂಪ್ಲಿಫೈಯರೆಂದೇ ತಿಳಿಯತಕ್ಕದ್ದು. ಲೌಡ್‌ಸ್ಪೀಕರನ್ನು ಕೆಲಸಗಾರರಂತೆ ಪೆಟ್ಟಿಗೆಯೆಂದು ಕರೆಯುವೆನು.

ಪೆಟ್ಟಿಗೆಯೊಳಗೆ ಎರಡು ವಾದ್ಯಗಳಿರುತ್ತವೆ. ಕೆಳಗೆ, ಸಾಮಾನ್ಯವಾಗಿ ಹದಿನೈದು ಅಂಗುಲ ವ್ಯಾಸದ ಕಾಗದದ ಶಂಕುವುಳ್ಳ ವೂಫರು, ಇದು ಮಂದ್ರನಾದಕ್ಕೆ. ಮೇಲೆ ಹಾರ್ನು, ಎಂದರೆ ಕಹಳೆ, ಅದರ ಕಂಠದಲ್ಲಿ ಲೋಹದ ಅಥವಾ ಪ್ಲಾಸ್ಟಿಕ್ಕಿನ ತೆಳುವಾದ ಪೊರೆಯುಳ್ಳ ಡ್ರೈವರು, ಇದು ತಾರನಾದಕ್ಕೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದವು ನಾಭಿಮೂಲದಲ್ಲಿ ಹುಟ್ಟುವ ರೀತಿಗೆ ಕಹಳೆಯನ್ನೇ ಉಪಮಾನವಾಗಿ ಹೇಳಿರುವುದು ವಾಚಕರ ನೆನಪಿನಲ್ಲಿರಬಹುದು. ಬಂದ ವಿದ್ಯುತ್ಕಂಪನವನ್ನು ಮಂದ್ರಭಾಗ, ತಾರಭಾಗಗಳೆಂದು ಬೇರ್ಪಡಿಸಿ ಆಯಾ ವಾದ್ಯಕ್ಕೆ ಕಳುಹಿಸುವ ಸಾಧನಕ್ಕೆ ಕೆಲಸಗಾರರು ಕ್ರಾಸ್‌ಓವರೆನ್ನುವರು. ಅದನ್ನು ವಿಭಾಜಕವೆಂದು ವ್ಯವಹರಿಸುವೆನು. ಪೆಟ್ಟಿಗೆಗೆ ಒಂದೇ ವರ್ಧಕವನ್ನು ಜೋಡಿಸಿ, ವಿಭಾಗವು ಪೆಟ್ಟಿಗೆಯೊಳಗೆ ನಡೆಯುವಂತೆ ಮಾಡುವುದು ಏಕವರ್ಧಕಕ್ರಮ. ಇದೇ ಫುಲ್ ರೇಂಜು. ವಿಭಾಗವನ್ನು ಹೊರಗೇ ಮುಗಿಸಿ, ಎರಡು ವರ್ಧಕಗಳಿಂದ ಎರಡು ವಾದ್ಯಗಳನ್ನು ನೇರವಾಗಿ ನಡೆಸುವುದು ದ್ವಿವರ್ಧಕಕ್ರಮ, ಇದೇ ಬೈಆಂಪು.

೩. ವಿಭಾಗವೇಕೆ?

ಒಂದೇ ವಾದ್ಯದಿಂದ ಸರ್ವನಾದವನ್ನೂ ನುಡಿಸಬಾರದೇ ಎಂಬ ಪ್ರಶ್ನೆ ಸಹಜ. ಮಂದ್ರನಾದಕ್ಕೆ ಬಹಳ ವಾಯುವನ್ನು ತಳ್ಳಬೇಕು, ಅದಕ್ಕೆ ದೊಡ್ಡ ಶಂಕು ಬೇಕು. ತಾರನಾದಕ್ಕೆ ಸೆಕೆಂಡಿಗೆ ಸಾವಿರಾರು ಸಲ ಹಿಂದೆಮುಂದೆ ಚಲಿಸಬೇಕು, ಅದಕ್ಕೆ ಹಗುರವಾದ ಪೊರೆ ಬೇಕು. ಒಂದೇ ವಸ್ತುವಿನಲ್ಲಿ ಈ ಎರಡು ಗುಣಗಳೂ ಪೂರ್ಣವಾಗಿ ಸೇರಲಾರವು. ೧೯೨೫ರಲ್ಲಿ ಅಮೆರಿಕದ ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಎಂಬವರು ಶಂಕುವಿನ ಲೌಡ್‌ಸ್ಪೀಕರಿಗೆ ಈಗಿನ ರೂಪವನ್ನು ಕೊಟ್ಟರು. ಅದೇ ದಶಕದಲ್ಲಿ ಬೆಲ್ ಸಂಶೋಧನಾಲಯದ ವೆಂಟೆ, ಥೂರಸ್ ಎಂಬವರು ಹಾರ್ನಿನ ಡ್ರೈವರನ್ನು ಸಿದ್ಧಗೊಳಿಸಿದರು. ೧೯೩೦ರ ದಶಕದ ಮಧ್ಯಭಾಗದಲ್ಲಿ ವಾಕ್ಚಿತ್ರಮಂದಿರಗಳಿಗಾಗಿ ಡಗ್ಲಾಸ್ ಶಿಯರರನ ತಂಡವು ಎರಡನ್ನೂ ಜೋಡಿಸಿದ ವ್ಯವಸ್ಥೆಯನ್ನು ಮಾಡಿತು; ಮುಂದಿನ ದಶಕದಲ್ಲಿ ಆಲ್ಟೆಕ್ ಲ್ಯಾನ್ಸಿಂಗ್ ಕಾರ್ಖಾನೆಯ ‘ವಾಯ್ಸ್ ಆಫ್ ದಿ ಥಿಯೇಟರ್’ ಎಂಬ ಪೆಟ್ಟಿಗೆಗಳು ಬಂದುವು. ಆಮೇಲೆ ಸಭೆಗಳಿಗಾಗಿ ತಯಾರಾದ ದ್ವಿವಾದ್ಯದ ಪೆಟ್ಟಿಗೆಗಳೆಲ್ಲ ಇದೇ ವಂಶದವು.

ಈ ವಿಭಾಗಕ್ಕೂ ನಮ್ಮ ವರ್ಣಮಾಲೆಗೂ ನಿಕಟವಾದ ಸಂಬಂಧವುಂಟು. ಮಾತಿನ ಶಕ್ತಿಯ ಬಹುಭಾಗ ಸೆಕೆಂಡಿಗೆ ೧೦೦೦ ಕಂಪನಗಳ, ಎಂದರೆ ೧೦೦೦ ಹರ್ಟ್ಸಿನ, ಕೆಳಗಿರುತ್ತದೆ; ಅದು ಹೆಚ್ಚಾಗಿ ಸ್ವರಗಳ ಭಾಗ. ವ್ಯಂಜನಗಳ ಭೇದವನ್ನು ಸೂಚಿಸುವ ಅಂಶಗಳಲ್ಲಿ ಬಹಳವು ಅದಕ್ಕೂ ಮೇಲಿವೆ. ಊಷ್ಮಗಳಲ್ಲಿ ಸಕಾರದ ಶಕ್ತಿ ಸುಮಾರು ೪೦೦೦ ಹರ್ಟ್ಸಿನ ಮೇಲೆ ಪ್ರಬಲವಾಗುತ್ತದೆ. ಶಕಾರ ಷಕಾರಗಳದು ಅದಕ್ಕಿಂತ ಕೆಳಗೇ ಆರಂಭವಾಗುತ್ತದೆ. ಫ್ರೆಂಚ್, ಸ್ಟೈನ್‌ಬರ್ಗ್ ಎಂಬವರು ೧೯೪೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಗ್ಲಿಷ್ ಮಾತಿನ ಮಟ್ಟಿಗೆ, ೧೯೦೦ ಹರ್ಟ್ಸಿನ ಮೇಲಿನ ಭಾಗವನ್ನು ಮಾತ್ರ ಕೇಳಿದರೂ ಕೆಳಗಿನ ಭಾಗವನ್ನು ಮಾತ್ರ ಕೇಳಿದರೂ ಅಕ್ಷರಗ್ರಹಣವು ಸಮಾನವಾಗಿರುತ್ತದೆಂದು ತೋರಿಸಿದರು. ಶಕ್ತಿಯಲ್ಲಿ ಅಲ್ಪವಾದ ಭಾಗವು ಅರ್ಥಗ್ರಹಣದಲ್ಲಿ ಅರ್ಧಪಾಲನ್ನು ಹೊತ್ತಿದೆಯೆಂದಾಯಿತು. ನಮ್ಮ ಮಂದಿರದ ಪೆಟ್ಟಿಗೆಯಲ್ಲಿ ವಿಭಾಗಸ್ಥಾನವು ೧೨೦೦ ಹರ್ಟ್ಸು. ಹಾರ್ನು ಮೂಕವಾದ ದಿನ ಅಕಾರ ಆಕಾರಗಳು ಗಂಭೀರವಾಗಿಯೇ ಕೇಳಿಸಿದುವು. ಸದ್ದು ಕಡಮೆಯಾಯಿತೆಂದು ಯಾರೂ ದೂರಲಿಲ್ಲ. ಊಷ್ಮಗಳು ಮಾತ್ರ ಉಸಿರಾಗಿ ಕರಗಿದುವು. ಆ ವೃದ್ಧರ ಪ್ರಶ್ನೆಗೆ ಉತ್ತರ ಇದೇ.

೪. ಪೂರ್ವಾಪರಭಾವ

ಎರಡು ಸೂತ್ರಗಳು ಪ್ರಾಪ್ತವಾದಾಗ ಯಾವುದು ಮೊದಲು ಪ್ರವರ್ತಿಸಬೇಕೆಂಬುದನ್ನು ಅನುಸರಿಸಿ ರೂಪವು ಭಿನ್ನವಾಗುವುದು ವ್ಯಾಕರಣವನ್ನು ಬಲ್ಲವರಿಗೆ ತಿಳಿದದ್ದೇ. ಇಲ್ಲಿಯೂ ಕಾರ್ಯಗಳು ಎರಡು: ವಿಭಾಗ, ವರ್ಧನ. ಏಕವರ್ಧಕದಲ್ಲಿ ಮೊದಲು ವರ್ಧನ, ಅನಂತರ ವಿಭಾಗ. ದ್ವಿವರ್ಧಕದಲ್ಲಿ ಮೊದಲು ವಿಭಾಗ, ಅನಂತರ ವರ್ಧನ. ಕಾರ್ಯಗಳು ಅವೇ, ಕ್ರಮ ಮಾತ್ರ ಬೇರೆ. ಆದರೆ ಕ್ರಮಭೇದದಿಂದ ಫಲಭೇದವುಂಟಾಗುತ್ತದೆ. ಅದನ್ನು ಮೂರು ಮುಖಗಳಿಂದ ನೋಡಬಹುದು.

ಮೊದಲನೆಯದು ವ್ಯರ್ಥವ್ಯಯ. ಹಾರ್ನು ವೂಫರಿಗಿಂತ ಬಹಳ ಸೂಕ್ಷ್ಮಗ್ರಾಹಿ. ಅದೇ ಶಕ್ತಿಗೆ ೧೦ ಡೆಸಿಬೆಲ್ಲಿನಷ್ಟು ಹೆಚ್ಚು ನುಡಿಯುವುದು ಅಪೂರ್ವವಲ್ಲ. ಎರಡನ್ನೂ ಸಮಮಾಡುವುದಕ್ಕೆ ಪೆಟ್ಟಿಗೆಯೊಳಗಿನ ವಿಭಾಜಕದಲ್ಲಿ ರೆಸಿಸ್ಟರುಗಳನ್ನಿಟ್ಟು ಹಾರ್ನಿನ ಪಾಲನ್ನು ತಗ್ಗಿಸುತ್ತಾರೆ. ೧೦ ಡೆಸಿಬೆಲ್ ತಗ್ಗಿಸಿದರೆ ಆ ಶಾಖೆಗೆ ಬಂದ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಶಾಖವಾಗಿ ಹೋಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಕರಿದಾಗಿದ್ದುದು ಇಂತಹ ರೆಸಿಸ್ಟರೇ. ವಿಭಾಗವು ಮೊದಲು ನಡೆದರೆ ಈ ತಗ್ಗಿಸುವಿಕೆಯನ್ನು ವರ್ಧಕದ ಮುಂಚೆಯೇ, ಅತ್ಯಲ್ಪ ಶಕ್ತಿಯ ಮಟ್ಟದಲ್ಲಿ, ಮಾಡಬಹುದು. ಸುಡುವುದಕ್ಕೆ ಏನೂ ಇರುವುದಿಲ್ಲ.

ಎರಡನೆಯದು ಅವಕಾಶ. ಒಂದೇ ವರ್ಧಕದಲ್ಲಿ ಮಂದ್ರದ ಅಲೆಯ ಮೇಲೆ ತಾರದ ಅಲೆ ಸವಾರಿಮಾಡುತ್ತದೆ. ಮಂದ್ರದ ಶಿಖರ ೪೦ ವೋಲ್ಟು, ತಾರದ ಶಿಖರವೂ ೪೦ ವೋಲ್ಟು ಎಂದಿಟ್ಟುಕೊಳ್ಳೋಣ. ಎರಡೂ ಕೂಡಿದಾಗ ವರ್ಧಕವು ೮೦ ವೋಲ್ಟನ್ನು ಕೊಡಬೇಕಾಗುತ್ತದೆ. ೮ ಓಮಿನ ಭಾರಕ್ಕೆ ಲೆಕ್ಕಹಾಕಿದರೆ ೪೦ ವೋಲ್ಟಿನ ಶಿಖರಕ್ಕೆ ೧೦೦ ವಾಟಿನ ವರ್ಧಕ ಸಾಕು. ೮೦ ವೋಲ್ಟಿಗೆ ೪೦೦ ವಾಟಿನದು ಬೇಕು. ಆದುದರಿಂದ ಬೇರೆಬೇರೆಯಾಗಿ ನಿಂತ ೧೦೦ ವಾಟಿನ ಎರಡು ವರ್ಧಕಗಳು ಒಟ್ಟಾಗಿ ನಿಂತ ೪೦೦ ವಾಟಿನ ಒಂದು ವರ್ಧಕದ ಕೆಲಸವನ್ನು ಮಾಡುತ್ತವೆ.

ಮೂರನೆಯದು ದೋಷದ ಸಂಕ್ರಮಣ. ಮೃದಂಗದ ಘಾತದಿಂದಲೋ ಭಾಷಣಕಾರನು ಮೈಕನ್ನು ತಟ್ಟುವುದರಿಂದಲೋ ವರ್ಧಕದ ಮಿತಿ ಮೀರಿದರೆ ಅಲೆಯ ತಲೆ ಕತ್ತರಿಸಿದಂತಾಗುತ್ತದೆ. ಆ ಕ್ಷಣದಲ್ಲಿ ಅದರ ಮೇಲೆ ಸವಾರಿಮಾಡುತ್ತಿದ್ದ ತಾರಭಾಗವೂ ಕತ್ತರಿಸಿಹೋಗುತ್ತದೆ. ಎಂದರೆ ಆ ಘಾತದೊಡನೆ ನುಡಿದ ವ್ಯಂಜನವು ನಷ್ಟವಾಗುತ್ತದೆ. ಅಷ್ಟೇ ಅಲ್ಲದೆ ಕತ್ತರಿಸಿದ ಅಂಚಿನಿಂದ ಹೊಸ ತಾರಕಂಪನಗಳು ಹುಟ್ಟಿ, ವಿಭಾಜಕದ ದಾರಿಯಿಂದ ಹಾರ್ನಿಗೆ ಹರಿದು, ಕರ್ಕಶತೆಯನ್ನುಂಟುಮಾಡುತ್ತವೆ. ದ್ವಿವರ್ಧಕದಲ್ಲಿ ಮಂದ್ರದ ವರ್ಧಕವು ಮಿತಿ ಮೀರಿದರೆ ಆ ದೋಷವು ವೂಫರಿನಲ್ಲಿಯೇ ಉಳಿಯುತ್ತದೆ. ಹಾರ್ನು ತನ್ನ ಪಾಡಿಗೆ ಊಷ್ಮಗಳನ್ನು ನುಡಿಯುತ್ತಿರುತ್ತದೆ.

೫. ಪೂರ್ವಪಕ್ಷ

ಹೀಗಿದ್ದರೆ ಒಳಗಿನ ವಿಭಾಜಕವನ್ನು ಕಿತ್ತೆಸೆದು ದ್ವಿವರ್ಧಕವನ್ನೇ ಸ್ಥಿರಪಡಿಸಬಾರದೇಕೆ? ಎರಡೂ ಕ್ರಮಗಳನ್ನು ಉಳಿಸಿಕೊಳ್ಳುವ ಗೋಜೇಕೆ? ಇದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ಯಂತ್ರದಲ್ಲಿಲ್ಲ, ಸಭೆಯಲ್ಲಿದೆ. ಸಭಾಮಂದಿರದಲ್ಲಿ ವರ್ಷಕ್ಕೆ ನಾಲ್ಕೈದು ದೊಡ್ಡ ಸಮಾರಂಭಗಳು ನಡೆದರೆ ನಲವತ್ತು ಚಿಕ್ಕ ಗೋಷ್ಠಿಗಳು ನಡೆಯುತ್ತವೆ. ಗೋಷ್ಠಿಯ ದಿನ ಬಾಗಿಲು ತೆಗೆಯುವವನೇ ಮೈಕನ್ನೂ ಹಾಕುತ್ತಾನೆ. ಅವನ ಕೈಗೆ ಎರಡು ವರ್ಧಕಗಳನ್ನೂ ಹೊರಗಿನ ವಿಭಾಜಕವನ್ನೂ ಒಪ್ಪಿಸಿದರೆ ಆಗುವ ಅನರ್ಥವು ರೆಸಿಸ್ಟರಿನ ಶಾಖಕ್ಕಿಂತ ದೊಡ್ಡದು. ಸಮಾರಂಭದ ನಡುವೆ ಒಂದು ವರ್ಧಕ ಕೆಟ್ಟರೆ ಉಳಿದ ಒಂದರಿಂದಲೇ ಪೂರ್ಣಶಬ್ದವನ್ನು ನುಡಿಸುವ ಉಪಾಯವೂ ಏಕವರ್ಧಕಕ್ರಮವಿದ್ದರೆ ಮಾತ್ರ ಉಂಟು. ಆದುದರಿಂದ ಹಳೆಯ ದಾರಿಯನ್ನು ಮುಚ್ಚದೆ ಹೊಸ ದಾರಿಯನ್ನು ತೆರೆಯುವುದೇ ಸಿದ್ಧಾಂತ. ಕೆಲವು ಕಾರ್ಖಾನೆಗಳೇ ಪೆಟ್ಟಿಗೆಯ ಬೆನ್ನಿನಲ್ಲಿ ಇಂತಹ ಸ್ವಿಚ್ಚನ್ನು ಇಟ್ಟಿದ್ದುವು. ಇಲ್ಲದ ಪೆಟ್ಟಿಗೆಗೆ ನಾವು ಸೇರಿಸಬೇಕಾಗುತ್ತದೆ.

ವರ್ಧಕವೊಂದೇ ಇದ್ದು, ಅದರಿಂದ ಎರಡು ಜೋಡಿ ತಂತಿಗಳನ್ನೆಳೆದು, ಒಳಗಿನ ವಿಭಾಜಕದ ಎರಡು ಶಾಖೆಗಳಿಗೆ ಬೇರೆಬೇರೆಯಾಗಿ ಕೊಡುವುದೂ ಉಂಟು. ಅದನ್ನು ದ್ವಿವರ್ಧಕವೆಂದು ಭ್ರಮಿಸಬಾರದು. ಅಲ್ಲಿ ವಿಭಾಗವು ವರ್ಧನದ ಅನಂತರವೇ ನಡೆಯುವುದರಿಂದ ಮೇಲೆ ಹೇಳಿದ ಮೂರು ಫಲಗಳಲ್ಲಿ ಒಂದೂ ಸಿದ್ಧಿಸುವುದಿಲ್ಲ.

೬. ಯೋಜನೆ

ಪೆಟ್ಟಿಗೆಯ ಬೆನ್ನಿಗೆ ನಾಲ್ಕು ಸ್ಪರ್ಶಗಳುಳ್ಳ ಸ್ಪೀಕಾನ್ ಸಾಕೆಟ್ಟನ್ನು ಜೋಡಿಸತಕ್ಕದ್ದು. ೧೯೮೭ರಲ್ಲಿ ನ್ಯೂಟ್ರಿಕ್ ಕಾರ್ಖಾನೆಯು ತಂದ ಈ ಸಾಕೆಟ್ಟಿನ ಸ್ಪರ್ಶಗಳಿಗೆ ‘ಒಂದು ಧನ, ಒಂದು ಋಣ, ಎರಡು ಧನ, ಎರಡು ಋಣ’ ಎಂಬ ಗುರುತುಗಳಿರುತ್ತವೆ. ದ್ವಿವರ್ಧಕದಲ್ಲಿ ಒಂದನೆಯ ಜೋಡಿ ಮಂದ್ರಕ್ಕೆ, ಎರಡನೆಯದು ತಾರಕ್ಕೆ ಎಂಬುದು ರೂಢಿ. ಏಕವರ್ಧಕದಲ್ಲಿ ಒಂದನೆಯ ಜೋಡಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿರುವ ಕಾಲಂಗುಲದ ಜ್ಯಾಕನ್ನಾಗಲಿ ಮೈಕಿಗೆ ಬಳಸುವ ಮೂರು ಕಡ್ಡಿಯ ಸಾಕೆಟ್ಟನ್ನಾಗಲಿ ಈ ಕೆಲಸಕ್ಕೆ ಉಳಿಸಿಕೊಳ್ಳಕೂಡದು. ಬೇರೆ ಉಪಕರಣಗಳ ತಂತಿಗಳೂ ಅವುಗಳಲ್ಲಿ ಹೊಕ್ಕುವುದರಿಂದ ತಪ್ಪು ಜೋಡಣೆಗೆ ಆಸ್ಪದವಾಗುತ್ತದೆ.

ಸ್ವಿಚ್ಚು ಎರಡು ಸ್ಥಾನಗಳುಳ್ಳದ್ದಾಗಿಯೂ ಆರು ಧ್ರುವಗಳುಳ್ಳದ್ದಾಗಿಯೂ ಇರಬೇಕು. ಆರನ್ನು ಮೂರು ಜೋಡಿಗಳೆಂದು ಭಾವಿಸಿದರೆ ಗ್ರಹಣಸುಲಭ. ಮೊದಲನೆಯ ಜೋಡಿಯು ಸಾಕೆಟ್ಟಿನ ಒಂದನೆಯ ಧನಋಣಗಳನ್ನು ವಿಭಾಜಕದ ಬಾಗಿಲಿಗೆ ಸೇರಿಸುತ್ತದೆ. ದ್ವಿವರ್ಧಕಸ್ಥಾನದಲ್ಲಿ ಆ ಸೇರಿಕೆಯನ್ನು ಬಿಡಿಸುತ್ತದೆ. ಎರಡನೆಯ ಜೋಡಿಯು ವೂಫರಿನದು: ಏಕವರ್ಧಕಸ್ಥಾನದಲ್ಲಿ ವಿಭಾಜಕದ ಮಂದ್ರಶಾಖೆಯಿಂದಲೂ, ದ್ವಿವರ್ಧಕಸ್ಥಾನದಲ್ಲಿ ಸಾಕೆಟ್ಟಿನ ಒಂದನೆಯ ಜೋಡಿಯಿಂದ ನೇರವಾಗಿಯೂ ಅದು ಪಡೆಯುತ್ತದೆ. ಮೂರನೆಯ ಜೋಡಿಯು ಹಾರ್ನಿನದು: ಒಂದು ಸ್ಥಾನದಲ್ಲಿ ವಿಭಾಜಕದ ತಾರಶಾಖೆಯಿಂದ, ಇನ್ನೊಂದರಲ್ಲಿ ಸಾಕೆಟ್ಟಿನ ಎರಡನೆಯ ಜೋಡಿಯಿಂದ.

ಋಣತಂತಿಗಳನ್ನೂ ಸ್ವಿಚ್ಚಿನ ಮೂಲಕ ಏಕೆ ಕಳುಹಿಸಬೇಕು, ಎಲ್ಲವನ್ನೂ ಒಂದೆಡೆ ಕೂಡಿಸಬಾರದೇ ಎಂದರೆ, ಕೂಡಿಸಬಾರದು. ವಿಭಾಜಕದೊಳಗೆ ಋಣಗಳು ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಎರಡು ವರ್ಧಕಗಳ ಋಣಗಳಾದರೋ ಒಂದಲ್ಲ. ಬ್ರಿಜ್ ಮಾಡಿದ ವರ್ಧಕದಲ್ಲಿ ಋಣದ ತಂತಿಯಲ್ಲಿಯೂ ವೋಲ್ಟೇಜು ಇರುತ್ತದೆ. ಅವನ್ನು ಪೆಟ್ಟಿಗೆಯೊಳಗೆ ಕೂಡಿಸಿದರೆ ವರ್ಧಕವೇ ನಷ್ಟವಾಗಬಹುದು.

ಸ್ವಿಚ್ಚಿನ ಸ್ಪರ್ಶಗಳು ವಿದ್ಯುತ್ಪ್ರವಾಹವನ್ನು ತಡೆಯುವಂತಿರಬೇಕು. ೮ ಓಮಿನಲ್ಲಿ ೨೦೦ ವಾಟಿಗೆ ೫ ಆಂಪಿಯರೂ, ೪೦೦ ವಾಟಿಗೆ ಸುಮಾರು ೭ ಆಂಪಿಯರೂ ಹರಿಯುವುದರಿಂದ ೧೦ ಆಂಪಿಯರಿಗೆ ಕಡಮೆಯಿಲ್ಲದ ಸ್ವಿಚ್ಚು ಯುಕ್ತ. ಅದು ಹಳೆಯ ಸ್ಪರ್ಶವನ್ನು ಬಿಟ್ಟ ಮೇಲೆಯೇ ಹೊಸದನ್ನು ಹಿಡಿಯುವ ಜಾತಿಯದಾಗಿರಬೇಕು. ವರ್ಧಕಗಳು ನಡೆಯುತ್ತಿರುವಾಗ ಎಂದಿಗೂ ಅದನ್ನು ತಿರುಗಿಸಕೂಡದು. ಕೈತಗಲಿ ತಿರುಗದಂತೆ ಒಂದು ಮುಚ್ಚಳವನ್ನೂ ಹಾಕುವುದು ಒಳ್ಳೆಯದು. ಸ್ವಿಚ್ಚಿಗಾಗಿ ಕೊರೆದ ರಂಧ್ರವನ್ನು ಗಾಳಿಯಾಡದಂತೆ ಮುಚ್ಚತಕ್ಕದ್ದು. ಇಲ್ಲವಾದರೆ ವೂಫರು ತಳ್ಳಿದ ಗಾಳಿ ಅಲ್ಲಿ ಸೀಳುದನಿಯಾಗಿ ಹೊರಬರುತ್ತದೆ.

೭. ಭಾರವಿಲ್ಲದ ವಿಭಾಜಕದ ಅಪಾಯ

ನಾಲ್ಕು ಧ್ರುವಗಳ ಸ್ವಿಚ್ಚಿನಿಂದಲೇ ಕೆಲಸ ನಡೆಯುವುದಲ್ಲವೇ, ವೂಫರನ್ನೂ ಹಾರ್ನನ್ನೂ ವಿಭಾಜಕದಿಂದ ಬಿಡಿಸಿದ ಮೇಲೆ ಅದರ ಬಾಗಿಲು ಸಾಕೆಟ್ಟಿಗೆ ಸೇರಿದ್ದರೆ ಬಾಧಕವೇನು ಎಂದು ನಾನು ತರುಣನನ್ನು ಕೇಳಿದೆನು. ನೋಡುವುದಕ್ಕೆ ಅದು ನಿರಪಾಯವೆಂದೇ ತೋರುತ್ತದೆ. ಆದರೆ ಈ ಕೆಲಸದಲ್ಲಿ ಕುಶಲರೂ ಎಡವುವ ಸ್ಥಳ ಇದೇ.

ಉದಾಹರಣೆಗೆ ೮ ಓಮಿನ ವಾದ್ಯಕ್ಕೆ ೧೨೦೦ ಹರ್ಟ್ಸಿನಲ್ಲಿ, ಅಷ್ಟಕಕ್ಕೆ ೧೨ ಡೆಸಿಬೆಲ್ಲಿನಂತೆ ಇಳಿಯುವ ಬಟರ್‌ವರ್ತ್ ರೀತಿಯ ವಿಭಾಜಕವನ್ನು ಲೆಕ್ಕಹಾಕಿದರೆ ಸುಮಾರು ೧.೫ ಮಿಲಿಹೆನ್ರಿಯ ಕಾಯಿಲೂ ೧೧.೭ ಮೈಕ್ರೋಫ್ಯಾರಡಿನ ಕೆಪಾಸಿಟರೂ ಬೇಕಾಗುತ್ತವೆ. (ಅಷ್ಟಕವೆಂದರೆ ಕಂಪನಸಂಖ್ಯೆ ಇಮ್ಮಡಿಯಾಗುವ ಅಂತರ, ಷಡ್ಜದಿಂದ ತಾರಷಡ್ಜದವರೆಗಿನದು.) ಮಂದ್ರಶಾಖೆಯಲ್ಲಿ ಕಾಯಿಲು ದಾರಿಯಲ್ಲಿದ್ದು ಕೆಪಾಸಿಟರು ಅಡ್ಡಲಾಗಿರುತ್ತದೆ. ವೂಫರು ಜೋಡಿಸಿರುವಾಗ ಅದು ಇವೆರಡರ ಆಂದೋಲನವನ್ನು ಹದದಲ್ಲಿಡುತ್ತದೆ. ವೂಫರನ್ನು ಬಿಡಿಸಿದರೆ ಕಾಯಿಲೂ ಕೆಪಾಸಿಟರೂ ಒಂದರ ಹಿಂದೆ ಒಂದಾಗಿ ವರ್ಧಕದ ಧನಋಣಗಳ ನಡುವೆ ನಿಲ್ಲುತ್ತವೆ. ಅವುಗಳ ಅನುರಣನಸ್ಥಾನವು ಸುಮಾರು ೧೨೦೦ ಹರ್ಟ್ಸೇ ಆಗಿದೆ. ಆ ಸ್ಥಾನದಲ್ಲಿ ಒಂದರ ತಡೆಯನ್ನು ಇನ್ನೊಂದು ಕಳೆಯುವುದರಿಂದ ಉಳಿಯುವುದು ಕಾಯಿಲಿನ ತಂತಿಯ ಪ್ರತಿರೋಧ ಮಾತ್ರ, ಎಂದರೆ ಅರ್ಧ ಓಮಿನಷ್ಟು. ಹೊರಗಿನ ವಿಭಾಜಕದಿಂದ ಬರುವ ಮಂದ್ರಭಾಗವು ೧೨೦೦ ಹರ್ಟ್ಸಿನಲ್ಲಿ ಪೂರ್ತಿಯಾಗಿ ನಿಂತಿರುವುದಿಲ್ಲ. ಹೀಗಾಗಿ ವರ್ಧಕವು ಹೆಚ್ಚುಕಡಮೆ ಶಾರ್ಟ್ ಆದ ತಂತಿಗಳನ್ನು ನಡೆಸಬೇಕಾಗುತ್ತದೆ. ಕೆಲಸವಿಲ್ಲದೆ ಕುಳಿತಿದೆಯೆಂದು ನಾವು ಭಾವಿಸಿದ ಭಾಗವೇ ವರ್ಧಕವನ್ನು ಕೆಡಿಸುತ್ತದೆ. ಆದಕಾರಣ ವಿಭಾಜಕದ ನಿರ್ಗಮವನ್ನು ಬಿಡಿಸಿದರೆ ಸಾಲದು, ಪ್ರವೇಶವನ್ನೂ ಬಿಡಿಸಬೇಕು. ಸ್ವಿಚ್ಚಿನ ಮೊದಲನೆಯ ಜೋಡಿಯ ಪ್ರಯೋಜನ ಇದೇ.

೮. ತಪ್ಪಿದಾಗ ಏನಾಗುವುದು?

ಯಾವ ಯೋಜನೆಯನ್ನಾಗಲಿ ಸರಿಯಾಗಿ ಬಳಸಿದಾಗ ಮಾತ್ರ ಪರೀಕ್ಷಿಸಿದರೆ ಸಾಲದು. ತಪ್ಪಾಗಿ ಬಳಸಿದಾಗಲೂ ಪರೀಕ್ಷಿಸಬೇಕು. ಸ್ವಿಚ್ಚು ದ್ವಿವರ್ಧಕಸ್ಥಾನದಲ್ಲಿದ್ದು ಒಂದೇ ವರ್ಧಕವನ್ನು ಜೋಡಿಸಿದರೆ ವೂಫರು ಮಾತ್ರ ನುಡಿಯುತ್ತದೆ, ಹಾರ್ನು ಸುಮ್ಮನಿರುತ್ತದೆ. ದನಿ ಮಂಕಾಗುವುದು, ಕೇಡಿಲ್ಲ. ಸ್ವಿಚ್ಚು ಏಕವರ್ಧಕಸ್ಥಾನದಲ್ಲಿದ್ದು ಎರಡು ವರ್ಧಕಗಳನ್ನು ಜೋಡಿಸಿದರೆ ಮಂದ್ರಭಾಗ ಮಾತ್ರ ವಿಭಾಜಕವನ್ನು ಹೊಗುತ್ತದೆ. ಎರಡನೆಯ ಜೋಡಿ ಎಲ್ಲಿಯೂ ಸೇರಿರುವುದಿಲ್ಲ. ಆಗಲೂ ಹಾರ್ನು ಸುಮ್ಮನಿರುತ್ತದೆ, ಕೇಡಿಲ್ಲ. ಎರಡು ಪ್ರಮಾದಗಳೂ ತಮ್ಮನ್ನು ತಾವೇ ಕಿವಿಗೆ ತಿಳಿಸಿಕೊಳ್ಳುತ್ತವೆ.

ಕೇಡಾಗುವ ಪ್ರಮಾದ ಒಂದುಂಟು. ವರ್ಧಕಗಳ ಕಡೆಯಲ್ಲಿ ತಂತಿಗಳು ಅದಲುಬದಲಾಗಿ ಮಂದ್ರಭಾಗವು ಹಾರ್ನಿಗೆ ಹೋದರೆ ಅದರ ತೆಳುವಾದ ಪೊರೆ ಒಡೆಯಬಹುದು. ಇದಕ್ಕಾಗಿ ಸಾಕೆಟ್ಟಿನ ಎರಡನೆಯ ಧನಕ್ಕೂ ಸ್ವಿಚ್ಚಿಗೂ ನಡುವೆ ಧ್ರುವಭೇದವಿಲ್ಲದ ೪೦ ಮೈಕ್ರೋಫ್ಯಾರಡಿನ ಒಂದು ಫಿಲ್ಮ್ ಕೆಪಾಸಿಟರನ್ನು ಇಡತಕ್ಕದ್ದು. ೮ ಓಮಿಗೆ ಇದರ ಸ್ಥಾನ ಸುಮಾರು ೫೦೦ ಹರ್ಟ್ಸು. ೧೨೦೦ಕ್ಕಿಂತ ಒಂದು ಅಷ್ಟಕಕ್ಕೂ ಹೆಚ್ಚು ಕೆಳಗಿರುವುದರಿಂದ ತಾರನಾದಕ್ಕೆ ಹೆಚ್ಚಿನ ಬಾಧೆಯಿಲ್ಲ. ಕೆಟ್ಟ ವರ್ಧಕದಿಂದ ಬರುವ ಏಕಮುಖಪ್ರವಾಹವನ್ನೂ, ಸ್ವಿಚ್ ಒತ್ತಿದಾಗ ಬರುವ ಘಾತವನ್ನೂ ಅದು ತಡೆಯುತ್ತದೆ. ಆದರೆ ಅದು ವಜ್ರಕವಚವಲ್ಲ: ೫೦೦ರಿಂದ ೧೨೦೦ ಹರ್ಟ್ಸಿನವರೆಗಿನ ಬಲವಾದ ಶಬ್ದವನ್ನು ತಡೆಯಲಾರದು. ದ್ವಿವರ್ಧಕಸ್ಥಾನದ ದಾರಿಯಲ್ಲಿ ಮಾತ್ರ ಅದನ್ನು ಇಡುವುದರಿಂದ ಏಕವರ್ಧಕದ ದನಿ ಮೊದಲಿದ್ದಂತೆಯೇ ಇರುತ್ತದೆ.

೯. ದಿಕ್ಕು, ಮಟ್ಟ, ಕಾಲ

ಒಳಗಿನ ವಿಭಾಜಕವನ್ನು ಬಿಟ್ಟಾಗ ಅದು ಮಾಡುತ್ತಿದ್ದ ಉಪಕಾರಗಳನ್ನೂ ಬಿಟ್ಟಂತಾಗುತ್ತದೆ; ಅವನ್ನು ಹೊರಗೆ ಪುನಃ ಸಾಧಿಸಬೇಕು. ಅಷ್ಟಕಕ್ಕೆ ೧೨ ಡೆಸಿಬೆಲ್ಲಿನ ವಿಭಾಜಕದಲ್ಲಿ ಮಂದ್ರತಾರಗಳ ಕಂಪನಗಳು ವಿಭಾಗಸ್ಥಾನದಲ್ಲಿ ಪರಸ್ಪರ ವಿರುದ್ಧ ದಿಕ್ಕಿನಲ್ಲಿರುತ್ತವೆ. ಆದುದರಿಂದ ಹಾರ್ನಿನ ತಂತಿಗಳನ್ನು ತಿರುಗುಮುರುಗಾಗಿ ಕೊಟ್ಟಿರುವುದು ಸಾಮಾನ್ಯ. ಹೊರಗಿನ ವಿಭಾಜಕವು ಬಹುಮಟ್ಟಿಗೆ ಲಿಂಕ್‌ವಿಟ್ಸ್–ರೈಲಿ ಎಂಬ, ಅಷ್ಟಕಕ್ಕೆ ೨೪ ಡೆಸಿಬೆಲ್ಲಿನ, ಜಾತಿಯದು. ಲಿಂಕ್‌ವಿಟ್ಸನು ಇದನ್ನು ೧೯೭೬ರಲ್ಲಿ ಪ್ರಕಟಿಸಿದನು. ಇದರಲ್ಲಿ ಎರಡು ಭಾಗಗಳೂ ಒಂದೇ ದಿಕ್ಕಿನಲ್ಲಿರುತ್ತವೆ. ಆದಕಾರಣ ಹಳೆಯ ತಿರುವನ್ನು ದ್ವಿವರ್ಧಕದ ದಾರಿಯಲ್ಲಿಯೂ ಉಳಿಸಿದರೆ ವಿಭಾಗಸ್ಥಾನದ ಸುತ್ತಲಿನ ನಾದವು ತನ್ನನ್ನು ತಾನೇ ನುಂಗಿಕೊಳ್ಳುತ್ತದೆ. ೧.೫ ವೋಲ್ಟಿನ ಬ್ಯಾಟರಿಯನ್ನು ತಾಗಿಸಿ ವೂಫರಿನ ಶಂಕು ಮುಂದೆ ಬ೦ದಿತೋ ಹಿಂದೆ ಸರಿಯಿತೋ ನೋಡಿ ಅದರ ದಿಕ್ಕನ್ನು ತಿಳಿಯಬಹುದು. ಜೆಬಿಎಲ್ ಕಾರ್ಖಾನೆಯ ಹಳೆಯ ವೂಫರುಗಳಲ್ಲಿ ಕೆಂಪು ಗುರುತಿಗೆ ಧನವನ್ನು ಕೊಟ್ಟರೆ ಶಂಕು ಹಿಂದೆ ಸರಿಯುತ್ತಿದ್ದುದರಿಂದ ಬಣ್ಣವನ್ನು ಪ್ರಮಾಣವೆಂದು ನಂಬಕೂಡದು. ಹಾರ್ನಿಗೆ ಬ್ಯಾಟರಿಯನ್ನು ತಾಗಿಸಬಾರದು. ವಿಭಾಗಸ್ಥಾನದ ಒಂದೇ ಸ್ವರವನ್ನು ಮೆಲ್ಲಗೆ ನುಡಿಸಿ, ಹಾರ್ನಿನ ತಂತಿಗಳನ್ನು ಎರಡು ಬಗೆಯಾಗಿ ಜೋಡಿಸಿ, ಎದುರಿಗೆ ನಿಂತು ಕೇಳಿದಾಗ ಯಾವುದರಲ್ಲಿ ದನಿ ಪುಷ್ಟವಾಗಿರುವುದೋ ಅದು ಸರಿಯೆಂದು ಗ್ರಹಿಸಬೇಕು.

ಮಟ್ಟದ ವಿಷಯದಲ್ಲಿ, ಹಾರ್ನಿನ ವರ್ಧಕವನ್ನು ಮೊದಲು ೧೦ ಡೆಸಿಬೆಲ್ ತಗ್ಗಿಸಿಯೇ ಆರಂಭಿಸಿ ಕಿವಿಯ ಅನುಮತಿಯಿಂದ ಏರಿಸುವುದು ಕ್ಷೇಮ. ಹಳೆಯ ವಿಭಾಜಕವು ಹಾರ್ನಿನ ಅತಿತಾರಭಾಗವನ್ನು ಎತ್ತಿಕೊಡುತ್ತಿದ್ದರೆ ಆ ಎತ್ತುವಿಕೆಯನ್ನೂ ಹೊರಗೆ ಮಾಡಬೇಕು. ಇಲ್ಲವಾದರೆ ದ್ವಿವರ್ಧಕದಲ್ಲಿಯೇ ಸಕಾರ ಮಂಕಾಗಿ, ಹೊಸ ಕ್ರಮವು ಹಳೆಯದಕ್ಕಿಂತ ಹೀನವೆಂದು ಅಪವಾದ ಬರುವುದು. ಕೊನೆಯದು ಕಾಲ. ಶಬ್ದವು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಸುಮಾರು ೩೪ ಸೆಂಟಿಮೀಟರು ಸಾಗುತ್ತದೆ. ಹಾರ್ನಿನ ಪೊರೆ ಶಂಕುವಿಗಿಂತ ಅಷ್ಟು ಹಿಂದಿದ್ದರೆ ತಾರಭಾಗವು ಅಷ್ಟು ತಡವಾಗಿ ಬರುವುದು. ಈಗಿನ ಡಿಜಿಟಲ್ ವಿಭಾಜಕಗಳಲ್ಲಿ ಮಂದ್ರವನ್ನು ಅಷ್ಟೇ ತಡೆದು ಎರಡನ್ನೂ ಕೂಡಿಸಬಹುದು. ದಿಕ್ಕಿನ ಪರೀಕ್ಷೆಯನ್ನು ಈ ಕಾಲವನ್ನು ಹೊಂದಿಸಿದ ಮೇಲೆ ಮಾಡಿದರೇ ನಂಬಿಕೆಗೆ ಅರ್ಹ.

೧೦. ಉಪಸಂಹಾರ

ಮಂದಿರದ ಪೆಟ್ಟಿಗೆಗಳು ಗುಜರಿಗೆ ಹೋಗಲಿಲ್ಲ. ಮೊದಲು ಸುಟ್ಟ ರೆಸಿಸ್ಟರನ್ನೂ ಒಣಗಿದ ಕೆಪಾಸಿಟರುಗಳನ್ನೂ ಬದಲಾಯಿಸಿ ಏಕವರ್ಧಕದ ಹಳೆಯ ದನಿಯನ್ನು ಮರಳಿ ತಂದ ಮೇಲೆಯೇ ತರುಣನು ಸ್ವಿಚ್ಚಿನ ಕೆಲಸಕ್ಕೆ ಕೈಹಾಕಿದನು. ಇದು ಅನುಸರಿಸತಕ್ಕ ಕ್ರಮ; ರೋಗವಿರುವಾಗಲೇ ಹೊಸ ವ್ಯಾಯಾಮವನ್ನು ಹೇಳುವ ವೈದ್ಯನು ರೋಗವನ್ನೂ ಗುಣಪಡಿಸಲಾರನು, ವ್ಯಾಯಾಮದ ಗುಣವನ್ನೂ ತೋರಿಸಲಾರನು. ಈಗ ಗೋಷ್ಠಿಗಳು ಒಂದು ವರ್ಧಕದಿಂದ ನಡೆಯುತ್ತವೆ. ವಾದ್ಯಗಳೊಡನೆ ನಡೆಯುವ ದೊಡ್ಡ ವಾಚನಗಳಿಗೆ ಎರಡು ವರ್ಧಕಗಳನ್ನು ಜೋಡಿಸುತ್ತಾರೆ. ಶಾಂತವಾದ ಗೋಷ್ಠಿಯಲ್ಲಿ ಎರಡು ಕ್ರಮಗಳ ಭೇದವನ್ನು ನನ್ನ ಕಿವಿ ಸ್ಪಷ್ಟವಾಗಿ ಹಿಡಿಯಲಾರದು. ಮೃದಂಗವು ಸೇರಿ ಸಭೆ ತುಂಬಿದ ದಿನ ಹಿಡಿಯುತ್ತದೆ: ಘಾತದ ಅಡಿಯಲ್ಲಿ ಅಕ್ಷರ ಹೂತುಹೋಗುವುದಿಲ್ಲ.

ಎಲ್ಲ ದೋಷವನ್ನೂ ಪೆಟ್ಟಿಗೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಮಂದಿರದ ಬರಿಯ ಗೋಡೆಗಳ ಮರುದನಿಯೂ, ಮೈಕನ್ನು ನುಂಗುವಂತೆ ಹಿಡಿಯುವ ಅಭ್ಯಾಸವೂ ಸ್ವಿಚ್ಚಿನಿಂದ ಹೋಗವು. ಉಚ್ಚಾರಣೆಯೇ ಅಶುದ್ಧವಾಗಿದ್ದರೆ ದ್ವಿವರ್ಧಕವು ಅದನ್ನು ಹೆಚ್ಚು ಸ್ಪಷ್ಟವಾಗಿ ಸಾರುತ್ತದೆ, ಅಷ್ಟೇ. ಪಾಣಿನೀಯ ಶಿಕ್ಷೆಯು ವರ್ಣಗಳಿಗೆ ಎಂಟು ಸ್ಥಾನಗಳನ್ನು ಎಣಿಸಿದೆ: ಉರಸ್ಸು, ಕಂಠ, ಶಿರಸ್ಸು, ಜಿಹ್ವಾಮೂಲ, ದಂತಗಳು, ನಾಸಿಕೆ, ಓಷ್ಠಗಳು, ತಾಲು. ಆ ಎಂಟು ಸ್ಥಾನಗಳಲ್ಲಿ ಶುದ್ಧವಾಗಿ ಹುಟ್ಟಿದ ವರ್ಣವು ಕೊನೆಯ ಸಾಲಿನವರೆಗೆ ಶುದ್ಧವಾಗಿಯೇ ಹೋಗಲೆಂದು ನೋಡಿಕೊಳ್ಳುವುದು ಇಂದಿನ ಶಿಕ್ಷಾಶಾಸ್ತ್ರದ ಒಂದು ಅಂಗವೆಂದು ಭಾವಿಸಿದರೆ ತಪ್ಪಾಗದು. ಆ ವೃದ್ಧರು ಮುಂದಿನ ವಾಚನಕ್ಕೂ ಬಂದು ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಈ ಸಲ ಅವರು ಕೇಳಿದ ಪ್ರಶ್ನೆ ಹಲ್ಲಿನದಲ್ಲ, ಒಂದು ಪದದ ಅರ್ಥದ್ದು. ಪದವು ಅವರಿಗೆ ಸರಿಯಾಗಿ ಕೇಳಿಸಿತ್ತು. ತಜ್ಞರು ಈ ಬರಹದಲ್ಲಿ ದೋಷವನ್ನು ಕಂಡರೆ ತಿದ್ದಬೇಕೆಂದು ವಿನಂತಿ.